ಸಾಸಿವೆಯ ಮಧ್ಯಾಹ್ನದ ಊಟ

"ಆ ಚೀಲ ಬ್ಯಾಡ್ರಿ!"

ಅಖಿಲಾ ಬೆಚ್ಚಿ ತಿರುಗಿದಳು. ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಅಂಗಡಿಯಲ್ಲಿ, ಅದೂ ಕನ್ನಡದಲ್ಲಿ, ಹೀಗೆ ಜೋರು ಮಾಡಿದವರು ಯಾರು?

ಎತ್ತರದ ಯುವಕನೊಬ್ಬ ಅವಳು ಗಲ್ಲಾದ ಮೇಲಿಟ್ಟಿದ್ದ ನಾಯಿ ಆಹಾರದ ಚೀಲವನ್ನು ಪಕ್ಕಕ್ಕೆ ಸರಿಸಿಯೇಬಿಟ್ಟಿದ್ದ!

"ಏನ್ರೀ ಇದು? ಯಾರು ನೀವು?"

"ಮರಿ ಜೋಡಿ ಕನ್ನಡದಾಗ ಮಾತಾಡಾಕತ್ತಿದ್ರಲ್ಲ, ಅದಕ್ಕ ಹೇಳಿದೆ. ಇದು ದೊಡ್ಡ ಜಾತಿ ನಾಯಿಮರಿದ್ರಿ. ಈ ಕಾಳು ನಿಮ್ಮ ಮರಿ ಬಾಯಾಗ ಹಿಡಿಯಂಗಿಲ್ಲ. ಸಣ್ಣ ಜಾತಿದು ಅಂತ ಬ್ಯಾರೆ ಬರ್ತೈತಿ, ಅದನ್ನ ಒಯ್ರಿ."

ಅಖಿಲಾಳ ಕೈಚೀಲದಿಂದ ಪಾಮರೇನಿಯನ್ ಮರಿಯೊಂದು ಇಣುಕುತ್ತಿತ್ತು. ಸಹೋದ್ಯೋಗಿ ಶ್ರಾವಣಿ ಅದನ್ನು ಕೊಟ್ಟು ಎರಡು ದಿನವಾಗಿತ್ತಷ್ಟೇ. ಗಾತ್ರ ನೋಡಿ ಅಖಿಲಾ ಸಾಸಿವೆ ಎಂದು ಹೆಸರಿಟ್ಟಿದ್ದಳು.

"ನನ್ನ ಮರಿಗೆ ಏನು ಹಾಕ್ಬೇಕು ಅಂತ ನಂಗೊತ್ತು!" ಎಂದು ಅದೇ ಚೀಲ ಹೊತ್ತು ಹೊರಟಳು.

ಏನು ಗೊತ್ತಿತ್ತು, ಮಣ್ಣು! ಔಷಧ ಕಂಪನಿಯ ಲ್ಯಾಬಿನಲ್ಲಿ ಪ್ರತಿ ಸೀಸೆಯ ಲೇಬಲ್ಲನ್ನು ಎರಡೆರಡು ಸಲ ಓದುವ ಈ ಮಂಡ್ಯದ ಹುಡುಗಿ, ಆ ಚೀಲದ ಲೇಬಲ್ ಓದಿರಲೇ ಇಲ್ಲ. ಚಿತ್ರದಲ್ಲಿದ್ದ ದಷ್ಟಪುಷ್ಟ ನಾಯಿಗೆ ಮರುಳಾಗಿದ್ದಳು.

ಆ ಸಂಜೆ ಸಾಸಿವೆ ಕಾಳು ಮೂಸಿತು, ನೆಕ್ಕಿತು, ಬಿಟ್ಟಿತು. 'ಹಸಿವಾದ್ರೆ ತಾನೇ ತಿನ್ನತ್ತೆ' ಎಂದುಕೊಂಡಳು ಅಖಿಲಾ.

ಬೆಳಿಗ್ಗೆ ಎತ್ತಿಕೊಂಡರೆ ಮರಿಯ ಕತ್ತು ನಿಲ್ಲುತ್ತಿಲ್ಲ! ಕಣ್ಣು ಅರೆಮುಚ್ಚಿದೆ, ಮೈ ತಣ್ಣಗಾಗಿದೆ...

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಅಳುತ್ತಾ ಮೆಟ್ಟಿಲಿಳಿದು ಓಡಿದವಳಿಗೆ ಎದುರಾದವನು ಅದೇ ಅಂಗಡಿಯ ಯುವಕ! ಅವಳ ಮನೆಯ ಮೇಲಿನ ಮಹಡಿಗೆ ಹೊಸದಾಗಿ ಬಂದವನು, ಬ್ಯಾಂಕಿನ ಕೆಲಸಕ್ಕೆ ಹೊರಟಿದ್ದ.

ಅವನು 'ಹೇಳಿರಲಿಲ್ವಾ' ಎನ್ನಲಿಲ್ಲ. ಮರಿಯನ್ನು ಕೈಗೆ ತೆಗೆದುಕೊಂಡ.

"ಜೇನುತುಪ್ಪ ಐತೇನ್ರಿ? ಲಗೂ!"

ಕೆಳಗಿನ ಮನೆಯಲ್ಲಿದ್ದ ಮಾಲೀಕರು, ವಿಜಯಲಕ್ಷ್ಮೀ ಆಂಟಿ, ಬಾಟಲಿ ಹಿಡಿದು ಓಡಿಬಂದರು. ಅವನು ಬೆರಳ ತುದಿಯಿಂದ ಮರಿಯ ವಸಡಿಗೆ ಜೇನು ಸವರಿದ. ಮತ್ತೆ ಸವರಿದ...

'ದೇವರೇ, ಇದೊಂದು ಸಲ...' ಅಖಿಲಾ ಕೈಮುಗಿದಳು.

ಸಾಸಿವೆಯ ನಾಲಿಗೆ ಅಲುಗಿತು. ಅವನ ಬೆರಳನ್ನು ಮೆಲ್ಲಗೆ ನೆಕ್ಕಿತು.

ಅಖಿಲಾ ಮೆಟ್ಟಿಲ ಮೇಲೆಯೇ ಕುಸಿದು ಕುಳಿತು ಜೋರಾಗಿ ಅತ್ತುಬಿಟ್ಟಳು.

ಆಟೋ ಹತ್ತಿ ಪಶುವೈದ್ಯರ ಬಳಿ ಓಡಿದರು. ರಕ್ತದಲ್ಲಿ ಸಕ್ಕರೆ ಇಳಿದಿತ್ತಂತೆ. ಸಣ್ಣ ಜಾತಿಯ ಮರಿಗಳ ಹೊಟ್ಟೆ ಚಿಕ್ಕದು, ಹಸಿವು ತಡೆಯುವುದಿಲ್ಲ. ಸಣ್ಣ ಕಾಳಿನ ಆಹಾರವನ್ನು ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪವೇ ಹಾಕಬೇಕು ಎಂದರು.

ಬರುವ ದಾರಿಯಲ್ಲಿ ಅವಳು ಕೇಳಿದಳು, "ಇದೆಲ್ಲಾ ನಿಮ್ಗೆ ಹೇಗೆ ಗೊತ್ತು?"

"ರಾಣೆಬೆನ್ನೂರಾಗ ನಮ್ಮಕ್ಕ ದನದ ಡಾಕ್ಟರ್‍ರಿ. ಸೂಟಿಯಾಗ ಆಕಿ ದವಾಖಾನ್ಯಾಗ ಕುಂದರ್ತಿದ್ದೆ. ನಾ ಉಮಾಪತಿ."

"ನಾನು ಅಖಿಲಾ... ಮಧ್ಯಾಹ್ನ ನಾನು ಲ್ಯಾಬಲ್ಲಿರ್ತೀನಿ. ನಾಲ್ಕು ಸಲ ಹೇಗೆ ಹಾಕ್ಲಿ?"

"ಬ್ಯಾಂಕ್ ಇಲ್ಲೇ ಐತಲ್ರಿ. ಊಟದ ಹೊತ್ತಿಗೆ ನಾ ಬರ್ತೀನಿ."

ಹೀಗೆ ಸಾಸಿವೆಯ ಮಧ್ಯಾಹ್ನದ ಊಟ ಉಮಾಪತಿಯ ಪಾಲಿಗೆ ಬಂತು. ಬೀಗದ ಕೈ ಆಂಟಿಯ ಬಳಿ ಇರುತ್ತಿತ್ತು.

ಮೊದಲ ಭಾನುವಾರ ಅವನು ಬಟ್ಟಲಿನ ಮುಂದೆ ಕುಳಿತು, ಶ್ರಾವಣಿಯ ಮನೆಯಿಂದ ತರಿಸಿದ್ದ ಹಳೆಯ ಆಹಾರಕ್ಕೆ ಹೊಸದನ್ನು ಚಿಟಿಕೆಯಷ್ಟು ಸೇರಿಸಿದ.

"ಅಷ್ಟೇನಾ? ಹೊಸದನ್ನೇ ಪೂರ್ತಿ ಹಾಕ್ಬಾರ್ದಾ?"

"ಒಮ್ಮಿಗೇ ಬದಲಿ ಮಾಡಿದ್ರ ಹೊಟ್ಟಿ ಕೆಡ್ತೈತ್ರಿ. ಹಳೇದ್ರಾಗ ಹೊಸಾದು ದಿನಾ ಸ್ವಲ್ಪ ಸ್ವಲ್ಪ ಕೂಡಿಸ್ಕೋತ ಹೋಗಬೇಕು. ಅದಕ್ಕೂ ಗೊತ್ತಾಗಬಾರದು."

ಅಖಿಲಾಳ ಮನಸ್ಸಿನಲ್ಲೂ ಅದೇ ನಡೆಯಿತು. ಯಾವಾಗ ಎಷ್ಟು ಬೆರೆಯಿತೋ, ಅವಳಿಗೂ ಗೊತ್ತಾಗಲಿಲ್ಲ.

ಒಂದು ರಜೆಯ ದಿನ ಮಂಡ್ಯದಿಂದ ಅಮ್ಮನ ಫೋನ್ ಬಂತು. ಮಗಳ ಮಾತಿನಲ್ಲೆಲ್ಲ ಸುಳಿಯುವ, ದಿನಾ ಮನೆಗೆ ಬರುವ ಆ ಹುಡುಗ ಯಾರು ಎಂಬ ವಿಚಾರಣೆ!

"ಅಯ್ಯೋ ಅಮ್ಮಾ! ಮರಿಗೆ ಊಟ ಹಾಕಕ್ಕೆ ಬರ್ತಾರೆ, ಅಷ್ಟೇ. ಇನ್ನೇನೂ ಇಲ್ಲ!"

ತೆರೆದ ಬಾಗಿಲ ಹೊರಗೆ ಉಮಾಪತಿ ನಿಂತಿದ್ದ. ಆ ಮಾತು ಕೇಳಿ ಸದ್ದಿಲ್ಲದೆ ಹಿಂದಿರುಗಿದ. ಇನ್ನೊಂದು ನಿಮಿಷ ನಿಂತಿದ್ದರೆ, ಫೋನಿಟ್ಟ ಅಖಿಲಾ ಮರಿಯನ್ನು ತಬ್ಬಿಕೊಂಡು "ಸುಳ್ಳು ಹೇಳ್ದೆ ಕಣೇ ಸಾಸಿವೆ..." ಎಂದಿದ್ದೂ ಕೇಳಿಸುತ್ತಿತ್ತು. ಆದರೆ ಸ್ವಾಭಿಮಾನಕ್ಕೆ ಕಾಲು ಜಾಸ್ತಿ, ನಿಲ್ಲುವುದಿಲ್ಲ!

ಅದೇ ವಾರ ಅವನಿಗೆ ವಿಜಯವಾಡಕ್ಕೆ ವರ್ಗವಾಯಿತು. ಅವಳಿಗೆ ಹೇಳಲಿಲ್ಲ. ಕೆಲವು ದಿನ ಕಳೆದು, ಒಂದು ಸಂಜೆ ಅಖಿಲಾ ಕೆಲಸದಿಂದ ಬಂದಾಗ ಮೇಲಿನ ಮನೆಗೆ ಬೀಗ ಬಿದ್ದಿತ್ತು. ವರ್ಗವಾಗಿ ವಿಜಯವಾಡಕ್ಕೆ ಹೋದ ಎಂದರು ಆಂಟಿ.

'ಒಂದು ಮಾತೂ ಹೇಳ್ದೆ ಹೋದ್ರಾ? ಹಾಗಾದ್ರೆ ಬರ್ತಿದ್ದಿದ್ದು ಮರಿಗೋಸ್ಕರ ಮಾತ್ರಾನಾ?'

ಎದೆ ಭಾರವಾಯಿತು. ಅದರ ಬೆನ್ನಿಗೇ ಇನ್ನೊಂದು ಭಯ... ನಾಳೆ ಮಧ್ಯಾಹ್ನ ಸಾಸಿವೆ ಅವನಿಲ್ಲದೆ ತಿನ್ನದಿದ್ದರೆ? ಮತ್ತೆ ಕತ್ತು ಸೋತರೆ?

ಮರುದಿನ ಲ್ಯಾಬಿಗೆ ರಜೆ ಹಾಕಿ ಕುಳಿತಳು. ಆಂಟಿ ಬಟ್ಟಲಿಟ್ಟರು. ಸಾಸಿವೆ ಬಾಲ ಅಲ್ಲಾಡಿಸುತ್ತಾ ಬಂದು ತಿಂದು ಮುಗಿಸಿತು! ಅಖಿಲಾಗೆ ಹೋದ ಜೀವ ಬಂದಂತಾಯಿತು, ಜೊತೆಗೆ ಆಶ್ಚರ್ಯವೂ ಆಯಿತು.

"ನಿಮ್ಮ ಕೈಲಿ ಹೇಗೆ ತಿಂತು ಆಂಟಿ?"

ಆಂಟಿ ತೆಲುಗಿನಲ್ಲಿ ಎಲ್ಲವನ್ನೂ ಹೇಳಿದರು. "ಆ ಹುಡುಗನೇ ಅಭ್ಯಾಸ ಮಾಡಿಸಿದ, ಅಮ್ಮಾಯಿ. ಮೊದಲು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಆಮೇಲೆ ಬಟ್ಟಲು ನನ್ನ ಕೈಗೆ ಕೊಟ್ಟು ತಾನು ಬಾಗಿಲಲ್ಲಿ ನಿಂತ. ಕೊನೆಕೊನೆಗೆ ಮೆಟ್ಟಿಲ ಮೇಲೆ. ತಾನು ಹೋದದ್ದು ನಮ್ಮ ಆವಾಲಿಗೆ ಗೊತ್ತೇ ಆಗಬಾರದು ಅಂತ."

ಆವಾಲು ಎಂದರೆ ಆಂಟಿಯ ಭಾಷೆಯಲ್ಲಿ ಸಾಸಿವೆ.

ಮರಿ ತಿಂದಿತು, ಸರಿ. ಅಖಿಲಾಗೆ ಮಾತ್ರ ನಾಲ್ಕು ದಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಭಾನುವಾರ ನಸುಕಿನಲ್ಲಿ ಆಂಟಿಯಿಂದ ವಿಳಾಸ ಪಡೆದು, ಬಾಡಿಗೆ ಕಾರಿನಲ್ಲಿ ಸಾಸಿವೆಯನ್ನು ಕೂರಿಸಿಕೊಂಡು ಹೊರಟೇಬಿಟ್ಟಳು! ದಾರಿಯಲ್ಲಿ ತುನಿಯಲ್ಲೊಮ್ಮೆ, ರಾಜಮಂಡ್ರಿ ದಾಟಿ ಒಮ್ಮೆ ಕಾರು ನಿಲ್ಲಿಸಿ ಮರಿಗೆ ಊಟ ಹಾಕಿದಳು.

ವಿಜಯವಾಡದ ಒನ್ ಟೌನ್ ಪೇಟೆಯಲ್ಲಿ ಸಗಟು ಅಂಗಡಿಗಳಿಗೆ ರಜೆ. ಮುಚ್ಚಿದ ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯ ಬಾಗಿಲು ಬಡಿದಳು.

ಬಾಗಿಲು ತೆರೆದವನು ಉಮಾಪತಿ. ಸಾಸಿವೆ ಅವಳ ಕೈಯಿಂದ ಜಿಗಿದು ಅವನ ಎದೆಗೇರಿತು.

"ಯಾಕ್ರೀ? ಮರಿಗೆ ಅರಾಮ ಇಲ್ಲೇನು?"

"ಮರಿ ಚೆನ್ನಾಗೇ ಇದೆ!" ಅವಳು ಹೊಸ್ತಿಲು ದಾಟಿ ಒಳಗೆ ಬಂದಳು. "ಮರಿಗೆ ಕಷ್ಟ ಆಗಬಾರ್ದು ಅಂತ ಬಾಗಿಲಿಗೆ, ಮೆಟ್ಟಿಲಿಗೆ ಅಂತ ಒಂದೊಂದೇ ಹೆಜ್ಜೆ ಹಿಂದೆ ಸರಿದ್ರಿ. ನನ್ನನ್ನ? ನನ್ನನ್ನ ಮಾತ್ರ ಒಂದೇ ದಿನಕ್ಕೆ ಬಿಟ್ಟು ಬಂದ್ರಲ್ಲಾ... ನಂಗೆ ಕಷ್ಟ ಆಗಲ್ವಾ?"

"ನೀವ ಅಂದಿದ್ರಲ್ಲರೀ..." ಅವನು ತಲೆ ತಗ್ಗಿಸಿದ. "ಮರಿಗೆ ಊಟ ಹಾಕಾಕ ಬರ್ತಾರ, ಅಷ್ಟ ಅಂತ. ಫೋನಿನ್ಯಾಗ."

ಅಖಿಲಾ ಹಣೆ ಚಚ್ಚಿಕೊಂಡಳು. "ಅಯ್ಯೋ! ಅಮ್ಮಂಗೆ ಹೇಳಿದ್ದನ್ನ ನೀವ್ಯಾಕ್ರೀ ನಂಬಿದ್ರಿ?"

ಅಷ್ಟರಲ್ಲಿ ಅವಳ ಕಣ್ಣು ಕೋಣೆಯ ಮೂಲೆಗೆ ಹೋಯಿತು. ಅಲ್ಲಿ ಒಂದು ಪುಟ್ಟ ಬಟ್ಟಲು, ಪಕ್ಕದಲ್ಲಿ ಸಣ್ಣ ಜಾತಿಯ ಮರಿಗಳ ಆಹಾರದ ಹೊಸ ಚೀಲ! ಸಾಸಿವೆ ತಿನ್ನುವ ಅದೇ ಆಹಾರ.

"ಇಲ್ಲಿ ನಾಯೀನೇ ಇಲ್ವಲ್ಲ?"

"ಅಂಗಡ್ಯಾಗ ಕಂಡ್ತು... ಕೈ ತಡೀಲಿಲ್ರಿ. ಮಧ್ಯಾಹ್ನ ಆತು ಅಂದ್ರ ನಿಮ್ಮನಿ ಕಡೆ ಹೊಂಟಂಗ ಆಕ್ಕೈತಿ. ಮರಿ ಒಂದರ ಸಲುವಾಗಿ ಅಲ್ರಿ, ನಿಮ್ಮ ಸಲುವಾಗೂ ಬರ್ತಿದ್ದೆ. ಮೊದಲಿಂದನೂ."

ಆ ಕ್ಷಣ ಅಖಿಲಾಳ ಎದೆಯ ಭಾರವೆಲ್ಲ ಇಳಿಯಿತು. ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

"ನಂಗೆ ಹಸಿವಾಗ್ತಿದೆ," ಎಂದಳು ಕಣ್ಣೊರೆಸಿಕೊಂಡು. ನಾಲ್ಕು ದಿನದಲ್ಲಿ ಇದೇ ಮೊದಲು!

ಅವನು ಕುಕ್ಕರಿನಲ್ಲಿದ್ದ ಅನ್ನ, ಬೇಳೆಸಾರು ಬಡಿಸಿದ. ಮರಿಯ ಬಟ್ಟಲಿಗೂ ಕಾಳು ಬಿತ್ತು. ಮೂವರೂ ನೆಲದ ಮೇಲೆ ಕುಳಿತು ಉಂಡರು.

"ಮುಂದೆ ಏನ್ರೀ ಮಾಡೋದು? ನೀವಿಲ್ಲಿ, ನಾನಲ್ಲಿ..."

"ಸ್ವಲ್ಪ ಸ್ವಲ್ಪ ಕೂಡಿಸ್ಕೋತ ಹೋಗೂಣು. ಈ ರವಿವಾರ ನೀವು ಬಂದ್ರಿ, ಬರೋ ರವಿವಾರ ನಾ ಬರ್ತೀನಿ. ಆಮ್ಯಾಲ ನಿಮ್ಮ ಅವ್ವಾರ ಜೋಡಿ ಮಾತಾಡ್ತೀನಿ."

"ಏನಂತ?"

"ಮರಿಗೆ ಊಟ ಹಾಕಾಕ ಬರ್ತೀನ್ರಿ, ಅಷ್ಟ ಅಂತ!"

ಅಖಿಲಾ ನಗುತ್ತಾ ಅವನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು.

"ಅಮ್ಮ ನಂಬಲ್ಲ ಬಿಡಿ. ಅವತ್ತು ನಾನು ಹೇಳ್ದಾಗ್ಲೂ ನಂಬಿರ್ಲಿಲ್ಲ!"