ಬೈಸಿಕೊಂಡ ಮಣ್ಣಿನ ಅಜ್ಜಿ

ಮೊದಲು ಒಂದು ಒಗಟು. ಕಿವಿ ಇದೆ, ಕೇಳಿಸಲ್ಲ. ಬಾಯಿ ಇದೆ, ಉಣ್ಣಲ್ಲ. ಚೆನ್ನಾಗಿ ಬೈದರೆ ಮಾತ್ರ ಮರ ಹತ್ತುತ್ತೆ. ಏನದು?

ಯೋಚನೆ ಮಾಡಿ ಸುಸ್ತಾಗಬೇಡಿ, ನಿಮಗೆ ಬರಲ್ಲ. ಹೆಂಟೆಗಿರಿ ರಾಜ್ಯದಲ್ಲಿ ಹುಟ್ಟದವರಿಗೆ ಯಾರಿಗೂ ಬರಲ್ಲ. ಸುಮ್ಮನೆ ಕತೆ ಕೇಳಿ.

ನಿಮ್ಮಜ್ಜನ ಅಜ್ಜನಿಗೆ ಇನ್ನೂ ಮೀಸೆ ಚಿಗುರದ ಕಾಲದಲ್ಲಿ, ಗುಡ್ಡಗಳ ನಡುವೆ ಹೆಂಟೆಗಿರಿ ಅಂತ ಒಂದು ರಾಜ್ಯ ಇತ್ತು. ಕ್ರಿಸ್ಮಸ್ ಹತ್ತಿರ ಬಂತು ಅಂದರೆ ಅಲ್ಲಿ ರಾಜನ ಮೊಣಕೈಗೂ ಮಣ್ಣು, ರಾಣಿಯ ಮೂಗಿಗೂ ಮಣ್ಣು. ಕೆರೆಯ ಜೇಡಿಮಣ್ಣು ತಂದು, ಕಲ್ಲು ಕಸ ಆರಿಸಿ, ರೊಟ್ಟಿಹಿಟ್ಟಿನ ಹಾಗೆ ನಾದಿ, ನಕ್ಷತ್ರ, ಕುರಿಮರಿ, ಗಂಟೆ ಮಾಡೋರು. ನೆರಳಲ್ಲಿ ಒಣಗಿಸಿ, ಭತ್ತದ ಹೊಟ್ಟಿನ ಬೆಂಕಿಯಲ್ಲಿ ಸುಟ್ಟು, ಬಾಳೆನಾರಿನಲ್ಲಿ ಕಟ್ಟಿ, ಇಗರ್ಜಿ ಮುಂದಿನ ಸರ್ವೆ ಮರಕ್ಕೆ ತೂಗುಹಾಕೋರು.

ಅದರ ಜೊತೆಗೆ ಇನ್ನೊಂದು ಪದ್ಧತಿ. ಮನೆಯಲ್ಲಿ ಒಬ್ಬರು ಇನ್ನೊಬ್ಬರ ಗೊಂಬೆ ಮಾಡಬೇಕು. ಯಾರ ಗೊಂಬೆಯೋ ಅವರು ಅದನ್ನು ಕೈಗೆ ತಗೊಂಡು, ತಿರುಗಿಸಿ ನೋಡಿ, ಒಂದಾದರೂ ತಪ್ಪು ಹುಡುಕಿ ಬೈಯಬೇಕು. ಬೈಸಿಕೊಳ್ಳದ ಗೊಂಬೆ ಮರ ಹತ್ತುವ ಹಾಗಿಲ್ಲ. ಒಗಟು ಬಿಚ್ಚಿತಲ್ಲ? ಈಗ ಮುಂದಕ್ಕೆ ಹೋಗೋಣ.

ಆ ರಾಜ್ಯದಲ್ಲಿ ಬೈಯೋದಕ್ಕೆ ಸೌರಿಯಮ್ಮಜ್ಜಿಯನ್ನು ಮೀರಿಸಿದವರಿಲ್ಲ. ಬೈಸಿಕೊಳ್ಳೋದಕ್ಕೆ ಅವಳ ಮೊಮ್ಮಗ ಚೌರಪ್ಪನನ್ನು ಮೀರಿಸಿದವರಿಲ್ಲ. ಅಪ್ಪ ಅವ್ವ ಇಲ್ಲದ ಹುಡುಗ. ಅಜ್ಜಿಯ ಬೈಗುಳ ತಿಂದೇ ಆರಡಿ ಬೆಳೆದಿದ್ದ.

ಒಂದು ವರ್ಷ ಪಳಪಳಯ್ಯ ಅನ್ನೋ ಮಾಂತ್ರಿಕ ಬಂದ. ಬಂದವನೇ ಮನೆಮನೆಗೂ ಗಾಜಿನ ಗುಂಡು ಹಂಚಿದ. ಆಹಾ, ಏನು ಹೊಳಪು! "ಮಣ್ಣು ಯಾಕ್ರಪ್ಪಾ ಮೆತ್ಕೋತೀರಾ? ಇದನ್ನ ತೂಗುಹಾಕಿ. ಇದರಲ್ಲಿ ಒಂದೇ ಒಂದು ತಪ್ಪು ತೋರಿಸಿ ನೋಡೋಣ," ಅಂದ. ಜನ ಗುಂಡು ನೋಡಿದರು. ತಪ್ಪೇ ಇಲ್ಲ. ಬೈಯೋದಕ್ಕೆ ಏನೂ ಇಲ್ಲ. ಮೊದಲು ಬೈಗುಳ ನಿಂತಿತು, ಆಮೇಲೆ ನಗು ನಿಂತಿತು, ಆಮೇಲೆ ಮಾತೇ ನಿಂತಿತು. ಎಲ್ಲರೂ ಗುಂಡಿನಲ್ಲಿ ಕಾಣೋ ತಮ್ಮ ತಮ್ಮ ಮುಖ ನೋಡ್ತಾ ಕೂತುಬಿಟ್ಟರು.

ಸೌರಿಯಮ್ಮಜ್ಜಿ ಮಾತ್ರ ಹಟ ಬಿಡಲಿಲ್ಲ. "ತಪ್ಪಿಲ್ಲದ ವಸ್ತು ಉಂಟೇನೋ?" ಅಂತ ಗುಂಡನ್ನು ಕಣ್ಣಿಗೆ ಹಿಡಿದು ಹುಡುಕಿದಳು, ಹುಡುಕಿದಳು, ಹುಡುಕುತ್ತಾ ಹುಡುಕುತ್ತಾ ಕೂತಲ್ಲೇ ಗಾಜಾಗಿ ಹೋದಳು.

ಚೌರಪ್ಪ ಓಡಿ ಬಂದು ಮುಟ್ಟಿದ. ಅಜ್ಜಿಯ ಕೆನ್ನೆ ತಣ್ಣಗಿತ್ತು.

"ಸ್ವಾಮಿ, ನಮ್ಮಜ್ಜಿನ ವಾಪಸ್ ಕೊಡಿ."

ಪಳಪಳಯ್ಯ ನಕ್ಕ. "ನನ್ನ ಗುಂಡಿಂದ ಅವಳ ಕಣ್ಣು ಕೀಳಿಸೋ ಅಂಥ ವಸ್ತು ನೀನೇ ಮಾಡ್ಕೊಂಡು ಬಾ. ಹಬ್ಬದ ಗಂಟೆ ಹೊಡೆಯೋದರ ಒಳಗೆ ಬಂದ್ರೆ ಸರಿ. ಇಲ್ಲಾಂದ್ರೆ ನಿಮ್ಮಜ್ಜಿ ನನ್ನ ಕಿಟಕಿಯಲ್ಲಿ ಅಲಂಕಾರ."

ಚೌರಪ್ಪ ಕೆರೆಗೆ ಓಡಿದ. ಅಲ್ಲಿ ಮಾಂತ್ರಿಕ ಕಾವಲಿಗಿಟ್ಟ ಎಮ್ಮೆ ಮಣ್ಣಿನ ಮೇಲೇ ಮಲಗಿತ್ತು. ಗುಡ್ಡದಷ್ಟು ದೊಡ್ಡ ಎಮ್ಮೆ.

"ನಿಲ್ಲೋ ಹೈದ! ನನ್ನ ಹಾಗೇ ನನ್ನನ್ನ ಮಾಡಿ ತೋರಿಸು. ಇಲ್ಲಾಂದ್ರೆ ತುಳಿದು ಹಾಕ್ತೀನಿ."

ಚೌರಪ್ಪ ಗಡಿಬಿಡಿಯಲ್ಲಿ ಒಂದು ಹಿಡಿ ಮಣ್ಣು ತಗೊಂಡು ತಟ್ಟಿ, ಒತ್ತಿ, ಎತ್ತಿ ತೋರಿಸಿದ. ಎಮ್ಮೆ ದಿಟ್ಟಿಸಿ ನೋಡಿತು.

"ಇದೇನೋ ಇದು, ಕುಂಬಳಕಾಯಿಗೆ ಕಾಲು ಬಂದಂಗಿದೆ! ಕೊಂಬೆಲ್ಲೋ?"

"ಹಿಂದಿದೆ ನೋಡಿ ಎಮ್ಮೆಯಮ್ಮ."

"ಅದು ಬಾಲ ಅಲ್ವೇನೋ!"

ಅಷ್ಟು ಬೈದದ್ದೇ ತಡ, ಎಮ್ಮೆಯ ಮೇಲಿನ ಮಾಯೆ ಕೆಸರಿನ ಹಾಗೆ ಕಳಚಿ ಬಿತ್ತು. ಅದು ಮಾಮೂಲಿ ಎಮ್ಮೆಯಾಗಿ, ಬಾಯಾರಿಕೆ ಆಗ್ತಿದೆ ಅಂತ ನೀರಿಗಿಳಿಯಿತು. ಚೌರಪ್ಪ ಪಂಚೆ ತುಂಬ ಮಣ್ಣು ಕಟ್ಟಿಕೊಂಡ. ಆದರೆ ಎಮ್ಮೆ ಯಾಕೆ ಬಿಟ್ಟಿತು ಅಂತ ಅವನಿಗೆ ಹೊಳೆಯಲಿಲ್ಲ. ಎಮ್ಮೆಗೆ ಕನಿಕರ ಬಂತು ಅಂದುಕೊಂಡ.

ಅಲ್ಲಿಂದ ಬಾಳೆತೋಟ. ನಾರಿನ ಸುರುಳಿ ಮೇಲೆ ಮಾಂತ್ರಿಕನ ನವಿಲು ಕೂತಿತ್ತು. ಉಗುರು ಒಂದೊಂದೂ ಕುಡುಗೋಲು.

"ನಿಲ್ಲೋ ಹೈದ! ನನ್ನ ಹಾಗೇ ನನ್ನನ್ನ ಮಾಡಿ ತೋರಿಸು. ಇಲ್ಲಾಂದ್ರೆ ಸೀಳಿ ಹಾಕ್ತೀನಿ."

ಈ ಸಲ ಚೌರಪ್ಪ ಜೀವ ಬಿಗಿಹಿಡಿದು ಮಾಡಿದ. ಗರಿಗರಿಗೂ ಕಡ್ಡಿಯಲ್ಲಿ ಗೀರಿದ, ಹುಣಸೆಬೀಜದಲ್ಲಿ ಉಜ್ಜಿ ನುಣುಪು ಮಾಡಿದ. ಅವನ ಜನ್ಮದಲ್ಲಿ ಅಷ್ಟು ಚೆಂದದ್ದನ್ನು ಮಾಡಿರಲಿಲ್ಲ. ನವಿಲು ನೋಡಿತು. ಹೇಳೋದಕ್ಕೆ ಏನೂ ಸಿಗಲಿಲ್ಲ. ನೋಡ್ತಾನೇ ಇತ್ತು. ಅದರ ಬಾಲದ ತುದಿ ಗಾಜಾಗತೊಡಗಿತು.

"ಅಯ್ಯೋ ನವಿಲಣ್ಣ!" ಚೌರಪ್ಪನಿಗೆ ಅಜ್ಜಿಯ ತಣ್ಣನೆ ಕೆನ್ನೆ ನೆನಪಾಯಿತು. ಏನು ಮಾಡಬೇಕು ತೋಚದೆ, ಮಣ್ಣಿನ ನವಿಲಿನ ಕೊಕ್ಕನ್ನು ಹಿಡಿದು ಸೊಟ್ಟ ತಿರುಚಿಬಿಟ್ಟ.

"ಥೂ ನಿನ್ನ! ನನ್ನ ಕೊಕ್ಕು ಹಿಂಗಿದ್ಯಾ? ಸೌಟಿನ ಹಿಡಿ ಮಾಡಿದ್ದೀಯಲ್ಲೋ!" ಅಂತ ನವಿಲು ಕಿರುಚಿತು. ಗಾಜು ಪಟಪಟ ಉದುರಿತು, ಮಾಯೆಯೂ ಉದುರಿತು.

ಚೌರಪ್ಪ ನಾರಿನ ಸುರುಳಿ ಎತ್ತಿಕೊಂಡು ನಿಂತಲ್ಲೇ ನಗತೊಡಗಿದ. ಈಗ ಹೊಳೆಯಿತು. ಗಾಜಿನ ಗುಂಡಿಗಿಂತ ಚೆಂದದ್ದನ್ನು ಮಾಡೋದಲ್ಲ, ಅಜ್ಜಿ ಬಾಯಿ ತುಂಬ ಬೈಯೋ ಅಂಥದ್ದನ್ನು ಮಾಡಬೇಕು!

ಮೂರನೆಯದು ಬೆಂಕಿ. ಹೊಟ್ಟಿನ ರಾಶಿ ಮೇಲೆ ಬೆಂಕಿಬಾಲದ ನರಿ ಕೂತಿತ್ತು. ಅದು "ನಿಲ್ಲೋ ಹೈದ" ಅನ್ನೋದರೊಳಗೇ ಚೌರಪ್ಪ ನರಿಯ ಗೊಂಬೆ ಮಾಡಿ ಮುಂದಿಟ್ಟ.

"ಇದು ನಾನಾ? ಬೆಕ್ಕಿಗೆ ಜ್ವರ ಬಂದಂಗಿದೆ!" ಅಂತ ನರಿ ಹಲ್ಲು ಕಿರಿಯಿತು.

"ನರಿಮಾವ, ನಿಮ್ಮ ಬಾಯಿಗೆ ತುಪ್ಪ ಸಕ್ಕರೆ ಹಾಕ. ಈಗ ಜಾಗ ಬಿಡಿ."

ಮಾಯೆ ಕಳೆದ ನರಿ ಬಾಲ ಆರೋ ಮೊದಲೇ ಹೊಟ್ಟಿಗೆ ಬೆಂಕಿ ತಾಗಿಸಿತು. ಚೌರಪ್ಪ ಅಜ್ಜಿಯ ಗೊಂಬೆ ಮಾಡಲು ಕೂತ. ಓಲೆ ತೂಕಕ್ಕೆ ಜೋತ ಕಿವಿ, ಎಲೆಅಡಿಕೆ ಒತ್ತರಿಸಿದ ಕೆನ್ನೆ, ಬೈಯೋಕೆ ತೆರೆದ ಬಾಯಿ, ಬಾಯಲ್ಲಿ ಒಂದು ಹಲ್ಲು. ಮಾಡ್ತಾ ಮಾಡ್ತಾ ಕಣ್ಣು ಮಂಜಾಯಿತು. ಅವಸರದಲ್ಲಿ ಹಸಿಯಾಗಿಯೇ ಬೆಂಕಿಗೆ ಹಾಕಿದ. ಢಬ್! ಅಜ್ಜಿಯ ತಲೆ ಹಾರಿ ನರಿಯ ಮೂಗಿಗೆ ಬಡಿಯಿತು.

"ಲೋ ದಡ್ಡ, ಹಸಿ ಮಣ್ಣು ಬೆಂಕಿ ತಾಳುತ್ತೇನೋ?" ಅಂತು ನರಿ. "ಇನ್ನೊಂದು ಮಾಡು. ನನ್ನ ಹೊಟ್ಟೆ ಹತ್ರ ಇಡು. ಬೆಚ್ಚಗೆ ಒಣಗಲಿ."

ಹಾಗೇ ಮಾಡಿದ. ಒಣಗಿದ ಮೇಲೆ ಸುಟ್ಟ. ಎರಡನೇ ಅಜ್ಜಿ ಕೆಂಪಗೆ, ಗಟ್ಟಿಯಾಗಿ ಬೆಂಕಿಯಿಂದ ಎದ್ದು ಬಂದಳು. ಇನ್ನೂ ಬಿಸಿ ಇದ್ದವಳನ್ನು ಅಂಗೈಯಿಂದ ಅಂಗೈಗೆ ಹಾರಿಸುತ್ತಾ ಚೌರಪ್ಪ ಊರಿಗೆ ಓಡಿದ.

ಇಗರ್ಜಿಯ ಮುಂದೆ ಜನ ಮಾತಿಲ್ಲದೆ ನಿಂತಿದ್ದರು. ಗಾಜಿನ ಅಜ್ಜಿಯನ್ನೂ ಪಳಪಳಯ್ಯ ಅಲ್ಲಿಗೇ ಹೊರಿಸಿ ತಂದಿದ್ದ. ಗಂಟೆ ಹೊಡೆಯುವವನು ಹಗ್ಗ ಹಿಡಿದಿದ್ದ. ಪಳಪಳಯ್ಯ ಗೊಂಬೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದಾ? ನನ್ನ ಗುಂಡಿನ ಮುಂದೆ ಈ ಮಣ್ಣುಹೆಂಟೆನಾ?"

ಚೌರಪ್ಪ ಅವನ ಕಡೆ ತಿರುಗಲಿಲ್ಲ. ಗಾಜಿನ ಅಜ್ಜಿಯ ಕಣ್ಣಿನ ಮುಂದೆ ಮಣ್ಣಿನ ಅಜ್ಜಿಯನ್ನು ಹಿಡಿದ.

"ಅಜ್ಜೀ, ನೋಡೇ. ನೀನೇ ಇದು. ನಾನೇ ಮಾಡಿದ್ದು."

ಏನೂ ಆಗಲಿಲ್ಲ. ಹಗ್ಗ ಕೆಳಗಿಳಿಯತೊಡಗಿತು.

"ಬೈಯೇ ಅಜ್ಜೀ. ನೀನು ಬೈಯದೆ ಮನೆಯೆಲ್ಲ ಬಿಕೋ ಅಂತಿದೆ. ಒಂದೇ ಒಂದು ಸಲ ಬೈಯೇ."

ಗಾಜಿನ ಕಣ್ಣು ಗುಂಡಿನಿಂದ ಗೊಂಬೆಗೆ ಹೊರಳಿತು. ತುಟಿಯ ಹತ್ತಿರ ಟಿಕ್ ಅಂತ ಒಂದು ಬಿರುಕು.

"ಲೋ..."

ಜನರೆಲ್ಲ ಕತ್ತೆತ್ತಿದರು.

"ಲೋ ಮುಠ್ಠಾಳ! ನನಗೆ ಎರಡು ಹಲ್ಲಿದೆ ಕಣೋ!"

ಚಿಲ್ ಅಂತ ಗಾಜೆಲ್ಲ ಉದುರಿತು. ಅಜ್ಜಿ ಗೊಂಬೆ ಕಿತ್ತುಕೊಂಡು, ಕಿವಿ ಇಷ್ಟುದ್ದವಾ, ಕೆನ್ನೆಯೇನು ಬೋಂಡಾನಾ, ಅಂತ ಶುರುಮಾಡಿದವಳು ಉಸಿರು ತಗೊಳ್ಳಲಿಲ್ಲ. ಮನೆಮನೆಯಲ್ಲೂ ಗುಂಡುಗಳು ಒಡೆದವು. ರಾಣಿ ರಾಜನ ಕಡೆ ತಿರುಗಿ "ಹೋದ ವರ್ಷ ನನ್ನ ಮೂಗನ್ನ ಏನ್ ಮಾಡಿದ್ರಿ, ನೆನಪಿದ್ಯಾ?" ಅಂದಳು. ಗಂಟೆ ಢಣಢಣ ಹೊಡೆಯಿತು.

ಗುಂಡು ಒಡೆದ ಮೇಲೆ ಪಳಪಳಯ್ಯನ ಮಂತ್ರವೂ ಹೋಯಿತು. ಅವನಿದ್ದ ಜಾಗದಲ್ಲಿ ಒಬ್ಬ ಸಣಕಲು ಮನುಷ್ಯ ಚಳಿಗೆ ನಡುಗುತ್ತಾ ನಿಂತಿದ್ದ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, ಚೌರಪ್ಪನ ಪಂಚೆಯಲ್ಲಿ ಉಳಿದ ಮಣ್ಣಲ್ಲಿ ಅವನದೊಂದು ಗೊಂಬೆ ಮಾಡಿ ಕೈಗಿಟ್ಟಳು. ಅವನಿಗೆ ಅಂತ ಯಾರೂ ಯಾವತ್ತೂ ಏನೂ ಮಾಡಿಕೊಟ್ಟಿರಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದ.

"ನನ್ನ ಹೊಟ್ಟೆ... ಇಷ್ಟು ದಪ್ಪ ಇಲ್ಲ," ಅಂದ ಮೆಲ್ಲಗೆ.

"ಕಜ್ಜಾಯ ತಿನ್ನು, ಬರುತ್ತೆ," ಅಂದಳು ಅಜ್ಜಿ.

ಆಮೇಲೆ ಎಲ್ಲರೂ ಒಬ್ಬರನ್ನೊಬ್ಬರು ಬೈದುಕೊಂಡು ಸುಖವಾಗಿದ್ದರು.

ಒಂದು ನಿಜ ಹೇಳಿಬಿಡ್ತೀನಿ. ನನಗೆ ಈ ಕತೆ ಹೇಳಿದವರು, ಗಂಟೆಯವನು ಹಗ್ಗ ಹಿಡಿದ ಅನ್ನೋ ಕಡೆ ನಿದ್ದೆ ಹೋದರು. ಎಬ್ಬಿಸಿದೆ, ಗೊರಕೆಯೇ ಉತ್ತರ. ಹಬ್ಬದ ದಿನ ಮುದುಕಿಯನ್ನ ಗಾಜಲ್ಲೇ ಬಿಟ್ಟು ನಾನು ಹೋಗಿ ಊಟಕ್ಕೆ ಕೂರಲಾ? ಮನಸ್ಸು ಬರಲಿಲ್ಲ. ಅಲ್ಲಿಂದ ಮುಂದಿನದೆಲ್ಲ ನಾನೇ ಕಟ್ಟಿದ್ದು.