ನೀರು ತಡೆದ ಬಳ್ಳಿ

ಇನ್ನಾಸಪ್ಪ ನನ್ನ ಕೈ ಹಿಡಿದದ್ದು ಒಂದೇ ಸಲ. ಅದೂ ಬಳ್ಳಿಗೆ ನೀರು ಹುಯ್ಯದಂತೆ ತಡೆಯೋಕೆ.

ಸಿದ್ದರಬೆಟ್ಟದ ಕೆಳಗೆ ನಮ್ಮ ದ್ರಾಕ್ಷಿ ತೋಟ. ಅರವತ್ತೆರಡನೇ ಇಸವಿಯಲ್ಲಿ ಹೂವಿಗೆ ಆಲಿಕಲ್ಲು ಬಡಿದು ಅರ್ಧ ಗೊಂಚಲು ಉದುರಿತು. ಆಮೇಲೆ ಬಾವಿ ತಳ ಕಂಡಿತು. ನಮ್ಮ ಹಣ್ಣಿನಿಂದ ಚರ್ಚಿನ ಪೂಜೆಗೆ ದ್ರಾಕ್ಷಾರಸ ಮಾಡುತ್ತಿದ್ದ ಇನ್ನಾಸಪ್ಪನಿಗೆ ಮಾತ್ರ ಖುಷಿಯೋ ಖುಷಿ!

"ಬುಡು ಲೂರ್ದು, ಹುಯ್ಬೇಡ. ಕಾಯಿ ಬಣ್ಣ ತಿರುಗಿದ ಮ್ಯಾಲೆ ಬಳ್ಳಿ ಬಾಯಾರಬೇಕು. ಹಣ್ಣು ಸಣ್ಣದಾದ್ರೂ ಬಣ್ಣ, ಸಿಹಿ ಎಲ್ಲಾ ಒಳಗೇ ಗಟ್ಟಿಯಾಗ್ತದೆ."

"ಸತ್ತೋದ್ರೆ?"

"ಸಾಯಕ್ಕಿಲ್ಲ ಕಣಮ್ಮ. ಬೇರು ಇನ್ನೂ ಆಳಕ್ಕೆ ಇಳೀತದೆ."

"ನಿನ್ನ ಕೈಗೆ ಸಿಕ್ಕಿದ್ದು ಅದರ ಹಣೆಬರಹ," ಅಂದೆ. ಅವನು ನಕ್ಕ. ಕೈ ಮಾತ್ರ ಬಿಡಲಿಲ್ಲ. ಸೊಂಟದ ಮೇಲಿದ್ದ ಕೊಡದ ಭಾರವೇ ನನಗೆ ಗೊತ್ತಾಗಲಿಲ್ಲ.

ಕೊಯ್ಲಾಯಿತು. ಹಣ್ಣು ಹಿಂಡಿ ಕೆಂಪಾದ ನನ್ನ ಬೆರಳು ಸೀಗೆಪುಡಿಗೂ ಬೆಳ್ಳಗಾಗಲಿಲ್ಲ. ಅವನು ಅದನ್ನೇ ನೋಡುತ್ತಿದ್ದ. ಸೆರಗಿನಲ್ಲಿ ಮುಚ್ಚಿಕೊಂಡೆ, ಬೇಕಂತಲೇ ಮತ್ತೆ ತೆಗೆದೆ.

"ಪಾವಗಡದಿಂದ ನನ್ನ ನೋಡೋಕೆ ಬತ್ತವ್ರೆ. ಅಪ್ಪನ ಹತ್ರ ಮಾತಾಡು."

"ರಸ ಇನ್ನೂ ನೊರೆ ಏಳ್ತಾ ಐತೆ. ತಿಳಿಯಾಗ್ಲಿ. ಬರೀ ಕೈಯಾಗೆ ಹೆಂಗೆ ಬರ್ಲಿ? ಸ್ವಲ್ಪ ತಡ್ಕೋ."

ತಡೆದುಕೊಂಡೆ. ಗಂಡಿನ ಕಡೆಯವರು ಬಂದರು, ಒಪ್ಪಿದರು. ನಾನು ಬೇಡ ಅಂದೆ.

"ಯಾಕೆ? ಬೇರೆ ಯಾರಾದ್ರೂ ಬಂದು ಕೇಳಿದ್ರಾ?" ಅಂದರು ಅಪ್ಪ.

ಯಾರೂ ಕೇಳಿರಲಿಲ್ಲ. ತಾಂಬೂಲ ಬದಲಾಯಿಸಿದರು.

ಮಾರನೇ ವಾರ ಇನ್ನಾಸಪ್ಪ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಸೀಸೆ ಹಿಡಿದು ಬಂದ. ಅಪ್ಪ ಒಂದು ಗುಟುಕು ಕುಡಿದು, ಇನ್ನೊಂದು ಗುಟುಕಿಗೆ ಸೀಸೆ ಎತ್ತಿದರು.

"ನನ್ನ ಜನ್ಮದಾಗೆ ಇಂಥದ್ದು ಕುಡಿದಿಲ್ಲ ಕಣ್ಲಾ! ನಮ್ಮ ಲೂರ್ದುಗೆ ಪಾವಗಡದ ಗಂಡು ಗೊತ್ತಾಯ್ತು. ಮದುವೆ ಪೂಜೆಗೆ ಇದೇ ಇರ್ಲಿ."

ಇನ್ನಾಸಪ್ಪ ಬಾಗಿಲಲ್ಲಿದ್ದ ನನ್ನನ್ನು ನೋಡಿದ. "ಆಗ್ಲಿ, ಯಜಮಾನ್ರೆ," ಅಂದ. ನನ್ನ ಜೀವ ಅಲ್ಲೇ ಹೋಯಿತು.

ಪೂಜೆಯಲ್ಲಿ ರಸ ಕುಡಿಯುವವರು ಫಾದರ್ ಒಬ್ಬರೇ. ನಮಗೆ ರೊಟ್ಟಿ ಮಾತ್ರ. ನನ್ನ ಮದುವೆ ದಿನ ಫಾದರ್ ಪಾತ್ರೆ ಎತ್ತಿ ಕುಡಿದು, ಒಂದು ಕ್ಷಣ ಕಣ್ಣು ಮುಚ್ಚಿದರು. ಅಷ್ಟು ಚೆನ್ನಾಗಿತ್ತಂತೆ. ನಾನು ಗಂಡನ ಪಕ್ಕ ಮಂಡಿಯೂರಿ ಅಳುತ್ತಿದ್ದೆ. ತವರು ಬಿಡೋ ದುಃಖ ಅಂದುಕೊಂಡರು ಎಲ್ಲರೂ.

ಬಸ್ಸಿಗೆ ನನ್ನ ಟ್ರಂಕು ಏರಿಸಲು ಅವನೇ ಬಂದ.

"ನೀನು ಹೇಳಿದ್ದು ನಿಜ ಇನ್ನಾಸಪ್ಪ, ಬಳ್ಳಿ ಸಾಯ್ಲಿಲ್ಲ," ಅಂದೆ. "ನಾನು ಬಳ್ಳಿ ಅಲ್ಲ ಕಣೋ. ನಂಗೊಂದು ಕೊಡ ನೀರು ಹುಯ್ಬಾರದಿತ್ತಾ?"

ಅವನು ಟ್ರಂಕನ್ನು ಬಸ್ಸಿನ ಮೇಲಕ್ಕೆ ಏರಿಸಿದ. ನಾನು ಬಸ್ಸು ಹತ್ತಿದೆ.