ಪೆನಾಂಗಿನ ಕಿಟಕಿ

ಬಾಡಿಗೆ ಮನೆಯಲ್ಲಿ ಹೆಂಡತಿ ಸತ್ತ ಮಾತ್ರಕ್ಕೆ ಆ ಗೋಡೆಗಳು ನಮ್ಮವಾಗುವುದಿಲ್ಲ ಎಂಬುದು ಸಂಜೀವಕುಮಾರನಿಗೆ ಅರವತ್ತೊಂದನೇ ವಯಸ್ಸಿನಲ್ಲಿ ತಿಳಿಯಿತು. ಮಲೇಶಿಯಾದ ಪೆನಾಂಗಿನಲ್ಲಿ ಹೋಟೆಲ್ ಮ್ಯಾನೇಜರ್ ಆಗಿ ಮೂವತ್ತು ವರ್ಷ ದುಡಿದು ನಿವೃತ್ತನಾಗಿದ್ದ. ಸಮುದ್ರ ಕಾಣುವ ಆ ಮನೆಯನ್ನು ಕೊಂಡುಬಿಡೋಣ ಎಂದು ಅವನು, ಬಾಡಿಗೆಯೇ ಸಾಕು ಎಂದು ಹೆಂಡತಿ ನಾಗರತ್ನಾ, ವರ್ಷಗಟ್ಟಲೆ ಜಗಳವಾಡಿದ್ದರು. ಜಗಳ ಮುಗಿಯುವ ಮೊದಲೇ ಅವಳು ಹೊರಟುಹೋದಳು. ಈಗ ಮಾಲೀಕ ಮನೆ ಮಾರುತ್ತಿದ್ದ. ಕೊಂಡರೆ ಉಳಿಯಬಹುದು, ಇಲ್ಲದಿದ್ದರೆ ಯುಗಾದಿಯೊಳಗೆ ಖಾಲಿ ಮಾಡಬೇಕು. ಅವಳು ಕೊನೆಯುಸಿರೆಳೆದ ಕಿಟಕಿಯ ಪಕ್ಕದಲ್ಲಿ ಬೇರೆ ಯಾರೋ ಮಂಚ ಹಾಕುವುದನ್ನು ಅವನಿಂದ ನೆನೆಯಲೂ ಆಗುತ್ತಿರಲಿಲ್ಲ.

ಹಣ ಹೊಂದಿಸಲು ಉಳಿದ ದಾರಿ ಗಜೇಂದ್ರಗಡದ ಮನೆಯೊಂದೇ. ಅಪ್ಪ ಅದನ್ನು ಅವನಿಗೂ ಅಕ್ಕ ಸುಶೀಲವ್ವನಿಗೂ ಸೇರಿಸಿ ಬರೆದಿದ್ದ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಅಕ್ಕ, ಆ ಮನೆಯಲ್ಲೇ ಸೀರೆ ನೇಯ್ದು ತಮ್ಮನನ್ನು ಓದಿಸಿ ಪರದೇಶಕ್ಕೆ ಕಳಿಸಿದವಳು. ಊರಿಗೆ ಬಂದು ಮಾರುವ ಮಾತೆತ್ತಿದಾಗ ಅವಳು ಇಷ್ಟೇ ಅಂದಳು:

“ಬಾಡಿಗಿ ಮನಿ ಬ್ಯಾರೇದ ಸಿಗತೈತಿ ತಮ್ಮಾ. ಇಲ್ಲಂದ್ರ ಇಲ್ಲೇ ಬಂದಬಿಡು. ಕುಣಿ ತೋಡಿ ಹೂಡಿದ ಮಗ್ಗ, ಎಲ್ಲಿಗೆ ಹೊತಗೊಂಡ ಹೋಗ್ಲಿ ನಾ?”

ಸಂಜೀವಕುಮಾರ ಅವಳು ಬಡಿಸಿದ ರೊಟ್ಟಿ ತಿನ್ನುತ್ತ, ಅಕ್ಕನನ್ನು ಕೇಳದೆಯೇ ಅಕ್ಕನಿಂದ ಮನೆ ಮಾರಿಸುವುದು ಹೇಗೆಂದು ಯೋಚಿಸತೊಡಗಿದ.

ಗಜೇಂದ್ರಗಡದಲ್ಲೂ ರೋಣದಲ್ಲೂ ಅವಳನ್ನು ಬಲ್ಲವರು ಬಹಳ. ಈಗ ಜಿಲ್ಲೆಯ ಯಾವ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದಾದ್ದರಿಂದ ನರಗುಂದವನ್ನು ಆರಿಸಿದ. ಕೊಳ್ಳುವವನು ಅಲ್ಲಿಯ ಕಾಳಿನ ವ್ಯಾಪಾರಿ, ಅಕ್ಕನ ಮುಖ ಕಂಡವನಲ್ಲ. ಹೊಳೆಆಲೂರಿನ ದೇವವ್ವ ನಾಟಕ ಕಂಪನಿಯಲ್ಲಿ ತಾಯಿಯ ಪಾತ್ರ ಮಾಡಿ ಹೆಸರಾದವಳು. ವಯಸ್ಸು, ಎತ್ತರ, ಮೈಬಣ್ಣ ಎಲ್ಲ ಅಕ್ಕನದೇ; ದುಡ್ಡು ಕೊಟ್ಟು ಅವಳನ್ನು ಅಕ್ಕನಾಗಿ ಬರಲು ಒಪ್ಪಿಸಿದ. ಆಧಾರ್ ಪ್ರತಿಯಲ್ಲಿ ಅಕ್ಕನ ಫೋಟೊ ಇದ್ದಲ್ಲಿ ದೇವವ್ವನದು ಬಂತು. ಯಾರಾದರೂ ಪ್ರಶ್ನೆ ಕೇಳಿದರೆ ತಡವರಿಸಬಾರದೆಂದು ಹಾಸು, ಹೊಕ್ಕು, ಲಾಳಿ ಎಂಬ ಮಗ್ಗದ ಮಾತುಗಳನ್ನೂ ಅವಳಿಗೆ ಬಾಯಿಪಾಠ ಮಾಡಿಸಿದ.

ಅಕ್ಕನ ಗತಿಯನ್ನೂ ಯೋಚಿಸದೆ ಬಿಟ್ಟಿರಲಿಲ್ಲ. ಅವಳು ಬದುಕಿರುವತನಕ ಅಲ್ಲೇ ಬಾಡಿಗೆಗೆ ಇರಲಿ ಎಂದು ವ್ಯಾಪಾರಿಯನ್ನು ಒಪ್ಪಿಸಿದ್ದ. ತಾನು ಬಾಡಿಗೆಯಿಂದ ಪಾರಾಗಲು ಅಕ್ಕನನ್ನು ಬಾಡಿಗೆಗೆ ತಳ್ಳುತ್ತಿದ್ದೇನೆ ಎಂಬುದು ಅವನಿಗೆ ಹೊಳೆದಿತ್ತು, ಹೊಳೆದಾಗ ನಾಚಿಕೆಯೂ ಆಗಿತ್ತು. ಗೊತ್ತಾದ ದಿನ ಅವಳು ಅತ್ತಾಳು, ಆದರೆ ತಮ್ಮನ ಮೇಲೆ ಕೇಸು ಹಾಕಲಾರಳು. ಅವಳ ಪ್ರೀತಿಯ ಮೇಲೆ ಅವನಿಗೆ ಅಷ್ಟು ಭರವಸೆ.

ಸೋಮವಾರ ನರಗುಂದದಲ್ಲಿ ಎಲ್ಲ ಸಲೀಸಾಗಿ ನಡೆಯಿತು. ದೇವವ್ವ ತಲೆ ತುಂಬ ಸೆರಗು ಹೊದ್ದು, ಕೇಳಿದ್ದಕ್ಕೆಲ್ಲ “ಹೌದ್ರಿ” ಎಂದಳು. ಗುರುತನ್ನು ಹಿಡಿದಿಡುವುದಷ್ಟೇ ಹೊರತು ಆಧಾರಿನೊಂದಿಗೆ ತಾಳೆ ನೋಡದ ಯಂತ್ರದ ಮೇಲೆ ಹೆಬ್ಬೆರಳಿಟ್ಟಳು. ಒಂದೇ ಸಲಕ್ಕೆ ಹಸಿರು ದೀಪ ಹೊತ್ತಿತು, ಪರದೆಯ ಮೇಲೆ ಗೆರೆಗಳು ಮೂಡಿದವು. ಸಂಜೀವಕುಮಾರ ಹಿಡಿದಿದ್ದ ಉಸಿರು ಬಿಟ್ಟ.

ಗುಮಾಸ್ತೆ ಅನ್ನಪೂರ್ಣಾ ಪರದೆ ನೋಡಿದಳು, ಪತ್ರದಲ್ಲಿ ‘ಉದ್ಯೋಗ: ನೇಕಾರಿಕೆ’ ಎಂದಿದ್ದುದನ್ನು ನೋಡಿದಳು. “ನಮ್ಮವ್ವನೂ ಗಜೇಂದ್ರಗಡದಾಗ ಸೀರಿ ನೇಯಾಕೀರಿ,” ಎಂದಳು ಮೆಲ್ಲಗೆ. “ಎಳಿಗೆ ಎಳಿ ಹೊಸೆದ ಹೊಸೆದ ಹೆಬ್ಬಟ್ಟಿನ ಗೆರಿ ಸವದ ಹೋಗ್ಯಾವು. ರೇಶನ್ ಅಂಗಡ್ಯಾಗ ಹತ್ತ ಸಲ ಒತ್ತಿದರೂ ಮಷಿನ್ ಹಿಡಿಯಂಗಿಲ್ಲ. ಈ ವಯಸ್ಸಿನತನಕ ನೇಯ್ದ ನಿಮ್ಮಕ್ಕಂದು ಇಷ್ಟ ಚಂದ ಹ್ಯಾಂಗ ಬಂತ್ರಿ?” ಸಂಜೀವಕುಮಾರ ದೇವವ್ವನ ಹೆಬ್ಬೆರಳಿನತ್ತ ನೋಡಿದ. ತಮ್ಮನನ್ನು ಓದಿಸುತ್ತ ಸುಶೀಲವ್ವನ ಬೆರಳು ನುಣ್ಣಗೆ ಸವೆದದ್ದನ್ನು ಓಣಿಗೆ ಓಣಿಯೇ ಬಲ್ಲದು, ತಮ್ಮ ಮಾತ್ರ ಒಂದು ದಿನವೂ ನೋಡಿರಲಿಲ್ಲ.